ಮಳೆಯಲ್ಲಿ ಬಿಕ್ಕಳಿಸುವ ಸ್ಕೈಲೈನ್

ನವೆಂಬರ್ ಎರಡನೇ ವಾರ. ಬಾಥೆಲ್‌ನಿಂದ ಬೆಲ್‌ವ್ಯೂ ಕಡೆ ಆಫೀಸಿಗೆ ಹೊರಟಿದ್ದೆ. ಸಿಯಾಟಲ್ ಮಳೆ ನಮ್ಮ ಮಲೆನಾಡಿನ ಹಾಗೆ ಧೋ ಅಂತ ಸುರಿಯುವುದಿಲ್ಲ, ಜರಡಿ ಹಿಡಿದ ಹಾಗೆ ಇಡೀ ದಿನ ಉದುರುತ್ತಲೇ ಇರುತ್ತದೆ. ಐ-405 ಹೈವೇಗೆ ಸೇರಬೇಕು, ಹಿಂದೆ ಒಂದು ಟ್ರಕ್. ಮೂರನೇ ಗೇರಿನಲ್ಲಿ ಕಾಲು ಒತ್ತಿದೆ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊ ತುಂಬಿಕೊಂಡು ಇನ್ನೇನು ಎಳೆಯಬೇಕು, 4000 ಆರ್‌ಪಿಎಂ ಹತ್ತಿರ, ಕಾರು ಬಿಕ್ಕಿತು. ಒಂದಲ್ಲ, ನಾಲ್ಕೈದು ಸಲ, ಯಾರೋ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಹಾಗೆ. ಕಾಲು ಸಡಿಲ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ. ಟ್ರಕ್ಕಿನವನು ಹಾರ್ನ್ ಹೊಡೆದ. ಹೊಡೆಯಲಿ, ತಪ್ಪು ನಮ್ಮದೇ.

ಕಾರು 1991ರ ನಿಸಾನ್ ಸ್ಕೈಲೈನ್, ಆರ್32, ಎರಡು ಬಾಗಿಲಿನದ್ದು, ಜಿಟಿಎಸ್-ಟಿ ಟೈಪ್ ಎಂ. ಎರಡು ಲೀಟರಿನ ಆರು ಸಿಲಿಂಡರ್ ಆರ್‌ಬಿ20 ಟರ್ಬೊ ಎಂಜಿನ್, ಕಂಪನಿ ಲೆಕ್ಕದಲ್ಲಿ 215 ಕುದುರೆ ಶಕ್ತಿ, ಐದು ಗೇರಿನ ಮ್ಯಾನುವಲ್, ಹಿಂದಿನ ಚಕ್ರಕ್ಕೆ ಮಾತ್ರ ಎಳೆತ. ಪೆಟ್ರೋಲ್ ಬಂಕಿನಲ್ಲಿ ಪ್ರತಿ ಸಲ ಯಾರಾದರೂ ಬಂದು ‘ಇದು ಜಿಟಿ-ಆರಾ?’ ಅಂತ ಕೇಳುತ್ತಾರೆ. ಅಲ್ಲಪ್ಪ, ಜಿಟಿ-ಆರ್ ಇದರ ಅಣ್ಣ. ಅದಕ್ಕೆ 2.6 ಲೀಟರ್, ಎರಡು ಟರ್ಬೊ, ನಾಲ್ಕೂ ಚಕ್ರಕ್ಕೆ ಎಳೆತ, ಬೆಲೆಯೂ ಅದಕ್ಕೆ ತಕ್ಕಂತೆ. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರಿಗೆ ಇಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ. ಅದೂ ತಯಾರಾದ ತಿಂಗಳಿಂದ ಲೆಕ್ಕ. ಹಾಗಾಗಿ 1991ರದ್ದು 2016ರಿಂದ ಬರಲು ಶುರುವಾದವು. ನಾನು ಕೊಂಡದ್ದು 2019ರಲ್ಲಿ, ಆಗಲೇ ಹಡಗಿನಲ್ಲಿ ಬಂದು ಇಳಿದಿದ್ದ ಕಾರನ್ನು. ಆಮದಿನ ಕಾಗದಪತ್ರದ ತಲೆನೋವು ಬೇರೆಯವರದ್ದಾಗಿತ್ತು. ಉಳಿದ ತಲೆನೋವು ನನ್ನದು.

ಮೊದಲನೆಯದು ನಂಬರ್. ಇಲ್ಲಿನ ಕಂಪ್ಯೂಟರುಗಳಿಗೆಲ್ಲ 17 ಅಕ್ಷರದ ಚಾಸಿ ನಂಬರ್ ಬೇಕು. ಜಪಾನಿನ ಕಾರಿಗೆ ಎಚ್‌ಸಿಆರ್32 ಅಂತ ಶುರುವಾಗಿ, ಒಂದು ಗೆರೆ, ಆಮೇಲೆ ಆರು ಅಂಕಿ, ಅಷ್ಟೇ. ಇನ್ಶೂರೆನ್ಸ್‌ಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ‘ಸರ್, ಇನ್ನೂ ಅಕ್ಷರ ಇರಬೇಕಲ್ಲಾ, ಸರಿಯಾಗಿ ನೋಡಿ’ ಅಂತ ಮೂರು ಸಲ ಕೇಳಿದಳು. ಕೊನೆಗೆ ಹಳೇ ಕಾರುಗಳಿಗೇ ಇನ್ಶೂರೆನ್ಸ್ ಮಾಡುವವರೊಬ್ಬರು ಸಿಕ್ಕರು. ಆದರೆ ದಿನಾ ಆಫೀಸಿಗೆ ಓಡಿಸುತ್ತೇನೆ ಅಂದ ಕೂಡಲೇ ಅವರ ದನಿಯೂ ಬದಲಾಯಿತು. ಬಿಡಿ, ಅದೊಂದು ದೊಡ್ಡ ಕಥೆ.

ಬಲಗಡೆ ಸ್ಟೀರಿಂಗ್ ಅಂದರೆ ಇಲ್ಲಿನವರಿಗೆ ಸರ್ಕಸ್. ನನಗೆ ಮನೆಗೆ ಬಂದ ಹಾಗೆ. ಕಲಿತದ್ದು ಅಪ್ಪನ ಮಾರುತಿ 800ರಲ್ಲಿ, ತುಮಕೂರಿನಲ್ಲಿ. ಗೇರ್ ಎಡಗೈಗೆ, ಇಂಡಿಕೇಟರ್ ಬಲಗೈಗೆ. ಸ್ಕೈಲೈನ್‌ನಲ್ಲೂ ಡಿಟ್ಟೋ. ಅಮೆರಿಕದ ಗೆಳೆಯರು ಇದನ್ನು ಓಡಿಸಿದರೆ ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಹಾಕುತ್ತಾರೆ. ನಾನು ಹೆಂಡತಿಯ ಕಾರು ತೆಗೆದರೆ ಅದೇ ಕೆಲಸ ಮಾಡುತ್ತೇನೆ, ಹತ್ತು ವರ್ಷ ಆದಮೇಲೂ. ಮೀಟರ್ ಕಿಲೋಮೀಟರಿನದ್ದು, ಅದೂ 180ಕ್ಕೆ ಮುಗಿಯುತ್ತದೆ. ಬೋರ್ಡಿನಲ್ಲಿ 60 ಅಂದರೆ ಮುಳ್ಳು 97ರಲ್ಲಿರಬೇಕು. 35 ಅಂದರೆ 56. ಎರಡು ವಾರದಲ್ಲಿ ಬಾಯಿಪಾಠ ಆಗುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಪಾರ್ಕಿಂಗ್ ಕಟ್ಟಡದ ಟಿಕೆಟ್ ಯಂತ್ರ ಎಡಗಡೆ ಇರುತ್ತದೆ, ಒಬ್ಬನೇ ಇದ್ದರೆ ಸೀಟ್ ಬೆಲ್ಟ್ ಬಿಚ್ಚಿ ಪಕ್ಕದ ಸೀಟಿನ ಮೇಲೆ ಮಲಗಿ ಕೈ ಚಾಚಬೇಕು, ಹಿಂದಿನವರು ನಗುತ್ತಿರುತ್ತಾರೆ. ಕಾಫಿ ವಿಷಯದಲ್ಲಿ ಮಾತ್ರ ಈ ಊರು ಒಳ್ಳೆಯದು. ರಸ್ತೆ ಬದಿಯ ಪುಟ್ಟ ಕಾಫಿ ಗೂಡುಗಳಲ್ಲಿ ಎಷ್ಟೋ ಕಡೆ ಎರಡೂ ಬದಿಗೆ ಕಿಟಕಿ ಇದೆ. ನಾನು ಉಲ್ಟಾ ಬದಿಯ ಸಾಲಿಗೆ ಹೋದರೆ ಕಾಫಿ ಸೀದಾ ಕೈಗೆ. ಎರಡೇ ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವುದು ಇನ್ನೊಂದು ತಾಪತ್ರಯ. ನಾನು ಕೂತಿರುವುದು ರಸ್ತೆಯ ಅಂಚಿನ ಕಡೆ, ಮುಂದೆ ಲಾರಿ ಇದ್ದರೆ ಎದುರಿಂದ ಏನು ಬರುತ್ತಿದೆ ಅಂತ ಕಾಣುವುದೇ ಇಲ್ಲ. ಎಡಗಡೆ ಕೂತ ಹೆಂಡತಿ ನೋಡಿ ಹೇಳಬೇಕು. ಅವಳು ಕೆಎಸ್‌ಆರ್‌ಟಿಸಿ ಕಂಡಕ್ಟರ್ ದನಿಯಲ್ಲಿ ‘ಹೋಲ್ಡಾನ್... ಹೋಲ್ಡಾನ್... ರೈಟ್ ರೈಟ್!’ ಅನ್ನುತ್ತಾಳೆ. ಅವಳು ಜೊತೆಗಿಲ್ಲದ ದಿನ ನಾನು ಲಾರಿ ಹಿಂದೆಯೇ ಸುಮ್ನೆ ಹೋಗುತ್ತೇನೆ.

ಇನ್ನೊಬ್ಬಳಿದ್ದಾಳೆ. ಹಳೇ ಮಾಲೀಕ ಜಪಾನಿನ ಟೋಲ್ ಕಾರ್ಡ್ ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟಿದ್ದಾನೆ. ಕೀಲಿ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನ ಒಳಗಿಂದ ಒಂದು ಹೆಣ್ಣು ದನಿ ‘ಇಟಿಸಿ ಕಾಡೊ ಗಾ ಸೋನ್ಯೂ ಸಾರೆತೆ ಇಮಾಸೆನ್’ ಅನ್ನುತ್ತದೆ. ಕಾರ್ಡ್ ಹಾಕಿಲ್ಲ ಅಂತ ಅದರ ಅರ್ಥ. ಒಂಬತ್ತು ವರ್ಷದ ಮಗಳು ದಿನಾ ಹಿಂದಿನ ಸೀಟಿನಿಂದ ‘ಗೊತ್ತು ಕಣೇ’ ಅಂತ ಉತ್ತರ ಕೊಡುತ್ತಾಳೆ.

ಸರಿ, ಬಿಕ್ಕಳಿಕೆಗೆ ಬರೋಣ.

ಮೊದಲ ಶನಿವಾರ ಗ್ಯಾರೇಜಿನಲ್ಲಿ ಮಾಡಿದ್ದು ಖರ್ಚಿಲ್ಲದ ಕೆಲಸ. ಈ ಕಾಲದ ನಿಸಾನ್‌ಗಳಲ್ಲಿ ಏನು ಕೆಟ್ಟಿದೆ ಅಂತ ಎಂಜಿನ್ ಕಂಪ್ಯೂಟರೇ ಹೇಳುತ್ತದೆ, ಸ್ಕ್ಯಾನರ್ ಬೇಡ. ಎಡಗಡೆಯ ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ ತೆಗೆದರೆ ಅಲ್ಯೂಮಿನಿಯಂ ಪೆಟ್ಟಿಗೆ ಕಾಣುತ್ತದೆ. ಅದರ ಬದಿಯಲ್ಲಿ ಚಿಕ್ಕ ಸ್ಕ್ರೂ. ಇಗ್ನಿಷನ್ ಆನ್ ಮಾಡಿ ಆ ಸ್ಕ್ರೂವನ್ನು ಮೆಲ್ಲಗೆ ಬಲಕ್ಕೆ ಪೂರ್ತಿ ತಿರುಗಿಸಿ, ಎರಡು ಸೆಕೆಂಡ್ ಬಿಟ್ಟು ವಾಪಸ್ ತಿರುಗಿಸಿದರೆ ಲೈಟು ಮಿನುಗುತ್ತದೆ. ಎಣಿಸಿಕೊಂಡು ಕೂರಬೇಕು. ಮಗಳ ಕೈಗೆ ನೋಟ್‌ಬುಕ್ ಕೊಟ್ಟೆ. ಐದು, ಐದು. 55. ಅಂದರೆ ಏನೂ ತಪ್ಪಿಲ್ಲ. ‘ಅಪ್ಪಾ, ಕಾರಿಗೆ ಏನೂ ಆಗಿಲ್ವಂತೆ’ ಅಂದಳು. ಮೈಯೆಲ್ಲ ನೋವು ಅಂತ ಹೋದವನಿಗೆ ಡಾಕ್ಟರು ರಿಪೋರ್ಟ್ ನಾರ್ಮಲ್ ಅಂದ ಹಾಗಾಯಿತು.

ಈ ಕಂಪ್ಯೂಟರಿಗೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ತಪ್ಪುವುದು, ಗೊತ್ತಾಗುವುದಿಲ್ಲ. ಸೆನ್ಸರ್ ಪೂರ್ತಿ ಕೈಕೊಟ್ಟರೆ ಹೇಳುತ್ತದೆ, ಕಿಡಿ ಬಿಟ್ಟು ಬಿಟ್ಟು ಬಂದರೆ ಹೇಳುವುದಿಲ್ಲ. ಹಾಗಾಗಿ ಅನುಮಾನ ಹೋದದ್ದು ಕಿಡಿ ಮೇಲೆ. ಯಾಕೆ ಅಂದರೆ, ಟರ್ಬೊ ಗಾಳಿ ತುಂಬಿದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ. ಒತ್ತಡ ಜಾಸ್ತಿ ಇದ್ದಷ್ಟೂ ಪ್ಲಗ್ಗಿನ ಸಂದಿ ದಾಟಲು ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಅದನ್ನು ಹುಟ್ಟಿಸುವ ಕಾಯಿಲ್‌ನ ಮೈಯಲ್ಲಿ ಎಲ್ಲಾದರೂ ಬಿರುಕಿದ್ದರೆ ಆ ವೋಲ್ಟೇಜ್ ಪ್ಲಗ್ ಕಡೆ ಹೋಗುವ ಬದಲು ಬಿರುಕಿನಿಂದ ಹೊರಗೆ ಹಾರಿ ಪಕ್ಕದ ಲೋಹ ಸೇರುತ್ತದೆ. ತೇವ ಇದ್ದರಂತೂ ಕೇಳುವುದೇ ಬೇಡ. ಮೆಲ್ಲಗೆ ಓಡಿಸಿದರೆ ಸರಿ, ಒತ್ತಿದರೆ ಬಿಕ್ಕಳಿಕೆ, ಮಳೆಯಲ್ಲಿ ಇನ್ನೂ ಜಾಸ್ತಿ. ಲಕ್ಷಣ ಎಲ್ಲ ಹೊಂದುತ್ತಿತ್ತು.

ಬ್ಯಾಟರಿ ನೆಗೆಟಿವ್ ಬಿಚ್ಚಿ, ಎಂಜಿನ್ ತಲೆ ಮೇಲಿನ ಮುಚ್ಚಳದ ಅಲೆನ್ ಬೋಲ್ಟ್‌ಗಳನ್ನು ತೆಗೆದೆ. ಆರು ಕಾಯಿಲ್‌ಗಳು ಒಂದೇ ಸಾಲಿನಲ್ಲಿ ಎರಡು ಕ್ಯಾಮ್ ಕವರ್‌ಗಳ ನಡುವಿನ ಹಳ್ಳದಲ್ಲಿ ಕೂತಿವೆ, ಮೇಲೆ ಮುಚ್ಚಳ, ಗಾಳಿ ಆಡಲು ಜಾಗವೇ ಇಲ್ಲ. ಮೂವತ್ತು ವರ್ಷ ಆ ಬಿಸಿಯಲ್ಲಿ ಬೆಂದಿವೆ. ಮೊದಲ ಕಾಯಿಲಿನ ಕನೆಕ್ಟರ್ ಕ್ಲಿಪ್ಪನ್ನು ಉಗುರಿನಿಂದ ಮೆಲ್ಲಗೆ ಒತ್ತಿದೆ. ಹಪ್ಪಳದ ಹಾಗೆ ಪುಡಿಯಾಯಿತು. ಎರಡನೆಯದೂ ಪುಡಿ. ಮೂರನೆಯದಕ್ಕೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಮುಟ್ಟಿದೆ, ಅದು ಉಳಿಯಿತು, ಆದರೆ ಒಳಗಿನ ವೈರಿನ ಹೊದಿಕೆ ಬಗ್ಗಿಸಿದ ಕಡೆ ಬಿರಿದು ತಾಮ್ರ ಕಂಡಿತು. ಅಲ್ಲಿಗೆ ವೈರಿಂಗೂ ಹೊಸದು ಬೇಕು ಅಂತ ಆಯಿತು.

ಕಾಯಿಲ್‌ಗಳನ್ನು ಒಂದೊಂದಾಗಿ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ನಾಲ್ಕನೆಯದರ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನ ಉದ್ದಕ್ಕೂ ಬೂದು ಬಣ್ಣದ ಗೆರೆ. ಕಿಡಿ ಹಾರಿ ಹಾರಿ ಮಾಡಿಕೊಂಡ ಕಾಲುದಾರಿ ಅದು. ಐದನೆಯದಕ್ಕೂ ಅದೇ ಕಾಯಿಲೆ ಶುರುವಾಗಿತ್ತು. ಮೂರನೇ ಪ್ಲಗ್ಗಿನ ಗುಂಡಿಯಲ್ಲಿ ಎಣ್ಣೆ ನಿಂತಿತ್ತು, ಕ್ಯಾಮ್ ಕವರ್ ಅಡಿಯ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಸೋರುತ್ತಿದೆ. ಅದನ್ನೂ ಪಟ್ಟಿಗೆ ಸೇರಿಸಿದೆ.

ಈ ಎಂಜಿನ್ನಿನ ಲೋಹ ಒಂದೂ ನನಗೆ ತೊಂದರೆ ಕೊಟ್ಟಿಲ್ಲ. ನಾಲ್ಕು ವರ್ಷದಲ್ಲಿ ಕೆಟ್ಟದ್ದೆಲ್ಲ ಪ್ಲಾಸ್ಟಿಕ್, ರಬ್ಬರ್, ಇಲ್ಲ ಬೆಸುಗೆ. ಜನ ಟರ್ಬೊ ಹೇಗಿದೆ, ಕಂಪ್ರೆಷನ್ ಎಷ್ಟಿದೆ ಅಂತ ಕೇಳಿ ಕಾರು ಕೊಳ್ಳುತ್ತಾರೆ. ನಾನಾದರೆ ಒಂದು ವೈರ್ ಕ್ಲಿಪ್ ಮುಟ್ಟಿ ನೋಡುತ್ತೇನೆ.

ಸ್ಪೇರ್ ಪಾರ್ಟ್ ಅಂಗಡಿಗೆ ಹೋದರೆ ಅವರ ಪಟ್ಟಿಯಲ್ಲಿ ಸ್ಕೈಲೈನ್ ಅನ್ನುವ ಕಾರೇ ಇಲ್ಲ. ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಹಾಗಾಗಿ ನಾನು ಸುಳ್ಳು ಹೇಳುವುದನ್ನು ಕಲಿತಿದ್ದೇನೆ. ಬ್ರೇಕ್ ಪ್ಯಾಡ್ ಬೇಕಾದರೆ ‘1990ರ 300ಝಡ್ಎಕ್ಸ್, ಮುಂದಿನದು’ ಅನ್ನುತ್ತೇನೆ. ಆ ಕಾರು ಇಲ್ಲಿ ಮಾರಾಟವಾಗಿತ್ತು, ಇದರ ಮುಂದಿನ ನಾಲ್ಕು ಪಿಸ್ಟನ್ ಕ್ಯಾಲಿಪರಿಗೆ ಅದರ ಪ್ಯಾಡೇ ಕೂರುತ್ತದೆ. ಕಾಯಿಲಿಗೆ ಮಾತ್ರ ಆ ಆಟ ನಡೆಯಲಿಲ್ಲ. ಆನ್‌ಲೈನ್‌ನಲ್ಲಿ ಅಗ್ಗದ ಸೆಟ್ ಒಂದು ತರಿಸಿದೆ. ಡಬ್ಬಿ ತೆಗೆದರೆ ಆರರಲ್ಲಿ ಒಂದರ ಕನೆಕ್ಟರ್ ಪಿನ್ ಸೊಟ್ಟ, ಇನ್ನೊಂದರ ರಬ್ಬರ್ ಟೋಪಿಯೇ ಇಲ್ಲ. ವಾಪಸ್ ಕಳಿಸಿ, ಬೈದುಕೊಂಡು, ಒಳ್ಳೆಯ ಸೆಟ್ಟಿಗೆ ಹೊಸ ವೈರಿಂಗ್ ಸೇರಿಸಿ 600 ಡಾಲರ್ ಹತ್ತಿರ ಕೊಟ್ಟೆ. ಮೊದಲೇ ಮಾಡಬೇಕಿತ್ತು. ಎರಡು ವಾರ ಬಸ್ಸಿನಲ್ಲಿ ಓಡಾಟ.

ಆ ಎರಡು ವಾರದಲ್ಲಿ ಕ್ಯಾಮ್ ಕವರ್ ಗ್ಯಾಸ್ಕೆಟ್ ಹಾಕಿದೆ. ಹಾಕುವಾಗ ಟೈಮಿಂಗ್ ಬೆಲ್ಟ್ ಕವರ್ ಹತ್ತಿರ ಒಂದು ಸ್ಟಿಕ್ಕರ್ ಕಂಡಿತು, ಇಷ್ಟು ವರ್ಷ ಗ್ರೀಸ್ ಅಡಿಯಲ್ಲಿ ಅಡಗಿತ್ತು. ಜಪಾನಿನ ಗ್ಯಾರೇಜಿನವರು ಬೆಲ್ಟ್ ಬದಲಿಸಿದ ತಾರೀಖು, ಕಿಲೋಮೀಟರ್ ಎರಡನ್ನೂ ಪೆನ್ನಿನಲ್ಲಿ ಬರೆದು ಅಂಟಿಸುತ್ತಾರೆ. ಹೇಸೇ 15, 96,000 ಕಿ.ಮೀ. ಹೇಸೇ ಅಂದರೆ ಹಿಂದಿನ ಚಕ್ರವರ್ತಿಯ ಕಾಲದ ವರ್ಷದ ಎಣಿಕೆ, 1988 ಸೇರಿಸಿದರೆ ನಮ್ಮ ವರ್ಷ ಬರುತ್ತದೆ. 2003. ಲಕ್ಷ ಕಿಲೋಮೀಟರಿಗೆ ಬದಲಿಸಬೇಕಾದ್ದನ್ನು ಯಾರೋ ನಾಲ್ಕು ಸಾವಿರ ಮೊದಲೇ ಬದಲಿಸಿದ್ದಾರೆ. ಕೈಬರಹ ಎಷ್ಟು ಚೆನ್ನಾಗಿದೆ ಅಂದರೆ ಒರೆಸಿ ಹಾಗೇ ಬಿಟ್ಟಿದ್ದೇನೆ. ಆಮೇಲೆ ಕಾರು ಕೊಂಡ ವರ್ಷ ನಾನೂ ಬೆಲ್ಟ್ ಬದಲಿಸಿದ್ದೆ, ಆದರೆ ಎಲ್ಲೂ ಬರೆದಿರಲಿಲ್ಲ. ನಾಚಿಕೆಯಾಗಿ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದೆ, ಕನ್ನಡ ಅಂಕಿಯಲ್ಲಿ.

ಕಾಯಿಲ್ ಬಂದವು. ಪ್ಲಗ್ ಎನ್‌ಜಿಕೆ ಬಿಸಿಪಿಆರ್6ಇಎಸ್, ಸಂದಿ 0.8 ಮಿಲಿಮೀಟರ್. ಹಳೆಯವು 1.1 ಇದ್ದವು. ಸಂದಿ ಕಡಿಮೆ ಇದ್ದರೆ ಕಿಡಿ ದಾಟುವುದು ಸುಲಭ. ಎಂಜಿನ್ ತಣ್ಣಗಿರುವಾಗಲೇ ಹಾಕಬೇಕು, ಹೆಡ್ ಅಲ್ಯೂಮಿನಿಯಂ. ಮೊದಲು ಬರಿ ಬೆರಳಿನಿಂದ ತಿರುಗಿಸಿ, ಕೊನೆಗೆ 25 ನ್ಯೂಟನ್ ಮೀಟರ್. ಹೊಸ ಕಾಯಿಲ್, ಹೊಸ ವೈರಿಂಗ್, ಮುಚ್ಚಳ, ಬ್ಯಾಟರಿ. ಸ್ಟಾರ್ಟ್. ಐಡಲ್ ಹೊಲಿಗೆ ಮೆಷಿನ್ ಹಾಗೆ. ಖುಷಿಯಲ್ಲಿ ಹೊರಗೆ ತೆಗೆದುಕೊಂಡು ಹೋದೆ. ಎರಡನೇ ಗೇರಿನಲ್ಲಿ ಪೂರ್ತಿ ಎಳೆಯಿತು, 7000 ಮುಟ್ಟಿತು. ಮೂರನೇ ಗೇರಿನಲ್ಲೂ ಎಳೆಯಿತು. ಹೈವೇ 520ರ ತೇಲು ಸೇತುವೆ ದಾಟಿ ವಾಪಸ್ ಬರುವಾಗ, ಸೇತುವೆಯ ಜೋಡಣೆ ಮೇಲೆ ಟಕ್ ಅಂತ ಚಕ್ರ ಹಾರಿದ ಕೂಡಲೇ, ಬಿಕ್.

ಮನೆಗೆ ಬಂದು ಒಂದು ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ.

ಭಾನುವಾರ ಅಪ್ಪನಿಗೆ ಫೋನ್. ಮಾರುತಿಗೆ ಮುಂಚೆ ಅವರ ಹತ್ತಿರ ಪದ್ಮಿನಿ ಇತ್ತು, ಅದರ ಕಿಡಿ ಕೊಡುವ ಪಾಯಿಂಟ್‌ಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿಯೇ ಹದಿನೈದು ವರ್ಷ ಓಡಿಸಿದವರು. ನಾನು ಕಾಯಿಲ್, ವೋಲ್ಟೇಜ್, ಬೂಸ್ಟ್ ಅಂತ ಹತ್ತು ನಿಮಿಷ ವಿವರಿಸಿದೆ. ಅವರು ಕೇಳಿದ್ದು ಒಂದೇ. ‘ಕುಲುಕಾಡಿದ್ರೆ ಆಗುತ್ತೋ, ಕುಲುಕಾಡದೆ ಇದ್ರೂ ಆಗುತ್ತೋ?’ ಯೋಚಿಸಿದೆ. ಈಗ ಆಗುತ್ತಿರುವುದು ಕುಲುಕಾಡಿದರೆ. ‘ಹಂಗಾದ್ರೆ ಎಂಜಿನ್ ಆನ್ ಮಾಡಿ ಒಂದೊಂದೇ ಕನೆಕ್ಷನ್ ಅಲ್ಲಾಡಿಸಿ ನೋಡೋ. ಅದು ಬಿಟ್ಟು ಆರು ನೂರು ಡಾಲರ್ ಹಾಕಿದ್ಯಲ್ಲೋ.’

ಕಾಯಿಲ್ ದುಡ್ಡು ದಂಡ ಆಗಿಲ್ಲ ಅಂತ ಈಗಲೂ ವಾದಿಸುತ್ತೇನೆ, ನಾಲ್ಕನೆಯದು ನಿಜವಾಗಿಯೂ ಸತ್ತಿತ್ತು. ಕಾಯಿಲೆ ಎರಡಿತ್ತು, ಒಂದರ ಹಿಂದೆ ಒಂದು ಅಡಗಿತ್ತು, ಅಷ್ಟೇ. ಆದರೂ ಹೇಳಿದ ಹಾಗೆ ಮಾಡಿದೆ. ಎಂಜಿನ್ ಐಡಲ್‌ನಲ್ಲಿ ಬಿಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದನ್ನೇ ತಟ್ಟುತ್ತಾ ಹೋದೆ. ಇಗ್ನೈಟರ್, ಏನಿಲ್ಲ. ಥ್ರಾಟಲ್ ಸೆನ್ಸರ್, ಏನಿಲ್ಲ. ಏರ್ ಫಿಲ್ಟರ್ ಪೆಟ್ಟಿಗೆಯ ಪಕ್ಕದ ಏರ್‌ಫ್ಲೋ ಮೀಟರಿಗೆ ಮೆಲ್ಲಗೆ ಟಕ್ ಅಂದೆ, ಎಂಜಿನ್ ಪುಸಕ್ ಅಂತ ನಿಂತೇ ಹೋಯಿತು.

ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಅಂತ ಅಳೆಯುವುದು ಇದೇ. ಗಾಳಿ ಜಾಸ್ತಿ ಆದಷ್ಟೂ ವೋಲ್ಟೇಜ್ ಏರುತ್ತದೆ, ಅದನ್ನು ನೋಡಿ ಕಂಪ್ಯೂಟರು ಪೆಟ್ರೋಲ್ ಅಳೆದು ಕೊಡುತ್ತದೆ. ಖಾತ್ರಿ ಮಾಡಿಕೊಳ್ಳೋಣ ಅಂತ ಡ್ಯಾಶ್ ಕೆಳಗಿನ ಕನ್ಸಲ್ಟ್ ಪೋರ್ಟಿಗೆ (ನಿಸಾನ್‌ನ ತಪಾಸಣೆ ಸಾಕೆಟ್) ಲ್ಯಾಪ್‌ಟಾಪ್ ಸಿಕ್ಕಿಸಿ ಒಂದು ಸುತ್ತು ಹೋದೆ. ಐಡಲ್‌ನಲ್ಲಿ 1.2 ವೋಲ್ಟ್. ಒತ್ತಿದಾಗ 3 ದಾಟುತ್ತದೆ, ರಸ್ತೆಯಲ್ಲಿ ಗುಂಡಿ ಬಂದ ಕಡೆ ಪರದೆಯ ಗೆರೆ ಬಾವಿಗೆ ಬಿದ್ದ ಹಾಗೆ ಸೊನ್ನೆ ಹತ್ತಿರ ಇಳಿದು ತಕ್ಷಣ ಏರುತ್ತದೆ. ಗಾಳಿಯೇ ಇಲ್ಲ ಅಂದುಕೊಂಡು ಕಂಪ್ಯೂಟರು ಪೆಟ್ರೋಲ್ ನಿಲ್ಲಿಸುತ್ತದೆ, ಬಿಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಸರಿಹೋಗುವುದರಿಂದ ಕೋಡೂ ಬರೆದುಕೊಳ್ಳುವುದಿಲ್ಲ.

ಮೀಟರ್ ಬಿಚ್ಚಿ ಅಡುಗೆಮನೆ ಟೇಬಲ್ಲಿಗೆ ತಂದೆ. ‘ಏನ್ರೀ ಇದು, ಊಟ ಮಾಡೋ ಜಾಗ’ ಅಂತ ಬಂತು. ಹಳೇ ಪೇಪರ್ ಹಾಸಿದೆ, ಅಷ್ಟಕ್ಕೆ ರಾಜಿಯಾಯಿತು. ಮೇಲಿನ ಮುಚ್ಚಳ ಸಿಲಿಕೋನಿನಿಂದ ಅಂಟಿರುತ್ತದೆ. ಮತ್ತೆ ಹೇರ್ ಡ್ರೈಯರ್, ತೆಳು ಬ್ಲೇಡು, ಒಂದೊಂದು ಮೂಲೆ ಎತ್ತುತ್ತಾ ಸುತ್ತಲೂ ಬರಬೇಕು, ಆತುರಪಟ್ಟರೆ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಬ್ಲೇಡ್ ತಾಗುತ್ತದೆ. ತೆಗೆದ ಮೇಲೆ ಕನೆಕ್ಟರ್ ಪಿನ್ನುಗಳು ಬೋರ್ಡಿಗೆ ಸೇರುವ ಜಾಗ ನೋಡಿದೆ. ಬರಿಗಣ್ಣಿಗೆ ಸರಿಯಾಗಿಯೇ ಇದೆ. ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ಓರೆ ಬೆಳಕು ಬಿಟ್ಟಾಗ ಕಂಡಿತು. ಒಂದು ಪಿನ್ನಿನ ಬುಡದ ಸುತ್ತ, ಬೆಸುಗೆಯ ಗುಡ್ಡದೊಳಗೆ, ಪೆನ್ಸಿಲಿನಲ್ಲಿ ಬರೆದಷ್ಟು ತೆಳು ಕಪ್ಪು ಉಂಗುರ. ಪಿನ್ನು ಬೆಸುಗೆಯಿಂದ ಬಿಟ್ಟುಕೊಂಡು ಅದರೊಳಗೇ ಸುಮ್ನೆ ನಿಂತಿತ್ತು. ಎಂಜಿನ್ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ, ಮೂವತ್ತು ವರ್ಷ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಾಲೇಜು ದಿನಗಳಲ್ಲಿ ಕೊಂಡ, ಬೆಸುಗೆ ಹಾಕುವ ಸೋಲ್ಡ್ರಾನ್ ಐರನ್ ಇಲ್ಲಿನ ಕರೆಂಟಿಗೆ ಆಗುವುದಿಲ್ಲ, ಊರಲ್ಲೇ ಇದೆ. ಇಲ್ಲಿಯದರಲ್ಲೇ ಫ್ಲಕ್ಸ್ ಹಚ್ಚಿ, ಹಳೇ ಬೆಸುಗೆ ಹೀರಿ ತೆಗೆದು, ಎಲ್ಲ ಪಿನ್ನಿಗೂ ಹೊಸದು ಹಾಕಿದೆ. ಕೆಟ್ಟದ್ದು ಒಂದೇ ಅಂತ ಒಂದಕ್ಕೇ ಹಾಕಿ ಬಿಟ್ಟರೆ ಮುಂದಿನ ವರ್ಷ ಪಕ್ಕದ್ದು ಶುರುಮಾಡುತ್ತದೆ. ಗಾಳಿ ಹೋಗುವ ಕೊಳವೆಯೊಳಗಿನ ಸಣ್ಣ ತಂತಿಯನ್ನು ಮಾತ್ರ ಮುಟ್ಟಲೇಬಾರದು. ಮುಚ್ಚಳ ಅಂಟಿಸಲು ಬಚ್ಚಲುಮನೆಗೆ ಬಳಸುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಸೆನ್ಸರಿಗೆ ಆಗುವಂಥದ್ದು ಅಂತ ಬರೆದಿರುವ ನ್ಯೂಟ್ರಲ್ ಸಿಲಿಕೋನೇ ತಂದು ಹಚ್ಚಿ ಒಂದು ದಿನ ಒಣಗಲು ಬಿಟ್ಟೆ. ಒಟ್ಟು ಖರ್ಚು ಒಂಬತ್ತು ಡಾಲರ್. ಈ ಅಂಕಿ ಅಪ್ಪನಿಗೆ ಇನ್ನೂ ಹೇಳಿಲ್ಲ.

ಮಂಗಳವಾರ ಬೆಳಗ್ಗೆ, ಮಳೆ. 92 ಆಕ್ಟೇನ್ ತುಂಬಿಸಿದೆ, ಇಲ್ಲಿ ಬಂಕಿನಲ್ಲಿ ಸಿಗುವುದರಲ್ಲಿ ಅದೇ ಮೇಲಿನದು. ಅದೇ ರ್ಯಾಂಪ್, ಮೂರನೇ ಗೇರ್. 4000, 5000, 6000. ಬೆನ್ನು ಸೀಟಿಗೆ ಒತ್ತಿಕೊಂಡಿತು, ಅಷ್ಟೇ. ಸೇತುವೆಯ ಜೋಡಣೆ ಮೇಲೆ ಬೇಕಂತಲೇ ಒತ್ತಿಕೊಂಡು ಹೋದೆ, ಟಕ್, ಟಕ್, ಏನೂ ಇಲ್ಲ. ಇದು ಬರೆಯುವ ಹೊತ್ತಿಗೆ ಐದು ವಾರ, 1,400 ಕಿಲೋಮೀಟರ್ ಆಗಿದೆ. ಲೀಟರಿಗೆ ಎಂಟು ಕೊಡುತ್ತಿದೆ, ಮುಂಚೆ ಏಳೂ ಇರಲಿಲ್ಲ.

ಆ ಮಂಗಳವಾರ ಸಂಜೆ ಮಗಳನ್ನು ಈಜು ಕ್ಲಾಸಿಗೆ ಬಿಡಲು ಹೊರಟಾಗ ಅವಳೇ ಗಮನಿಸಿದ್ದು. ‘ಅಪ್ಪಾ, ಆಂಟಿ ಯಾಕೆ ಮಾತಾಡ್ತಿಲ್ಲ?’ ಕೀಲಿ ಆಫ್ ಮಾಡಿ ಮತ್ತೆ ತಿರುಗಿಸಿದೆ. ನಿಶ್ಶಬ್ದ. ಕನ್ಸಲ್ಟ್ ಪೋರ್ಟ್ ಹುಡುಕುವಾಗ ಕೈ ತಾಗಿ ಟೋಲ್ ಪೆಟ್ಟಿಗೆಯ ಪ್ಲಗ್ ಕಳಚಿರಬೇಕು. ಆ ಪೆಟ್ಟಿಗೆ ಕಿತ್ತು ಹಾಕಬೇಕು ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದವನು ನಾನೇ. ಈಜು ಮುಗಿಯುವವರೆಗೆ ಪಾರ್ಕಿಂಗ್‌ನಲ್ಲಿ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸೀಟಿನ ಮೇಲೆ ಉಲ್ಟಾ ಮಲಗಿ, ಬಿಳಿ ಪ್ಲಗ್ ಹುಡುಕಿ ಸಿಕ್ಕಿಸಿದೆ. ಅವಳು ಒದ್ದೆ ತಲೆಯಲ್ಲಿ ಬಂದು ಕೂತಳು, ಕೀಲಿ ತಿರುಗಿಸಿದೆ.

‘ಗೊತ್ತು ಕಣೇ’ ಅಂದಳು.

ಹಾಗೆ ಉಲ್ಟಾ ಮಲಗಿದ್ದಾಗಲೇ ಕಾಲಡಿಯ ಕಾರ್ಪೆಟ್ ಒದ್ದೆ ಇರುವುದು ಕೈಗೆ ತಾಗಿತು. ಕೂಲಂಟ್ ವಾಸನೆ ಇಲ್ಲ, ಸಿಹಿ ಇಲ್ಲ, ಬರೀ ಮಳೆ ನೀರು. ಗಾಜಿನ ರಬ್ಬರೋ, ಬಾಗಿಲ ರಬ್ಬರೋ, ಈ ಶನಿವಾರ ಪೈಪಿನಲ್ಲಿ ನೀರು ಬಿಟ್ಟು ನೋಡಬೇಕು.